ಲೀಡ್ಸ್‌ನಲ್ಲಿ ಅಗಸೆ ನಾರು: ರಿಪ್ಪಲ್, ಬ್ರೇಕ್, ಸ್ವಿಂಗಲ್, ಹ್ಯಾಕಲ್ ಮಾಡಿಕೊಂಡ ಬಗೆ

ಹತ್ತು ಚದರ ಮೀಟರ್ ಅಗಸೆಯಿಂದ ಕೊನೆಗೆ ಕೈಗೆ ಬಂದದ್ದು 290 ಗ್ರಾಂ ಉದ್ದ ನಾರು, 410 ಗ್ರಾಂ ಜುಂಗು. ಆದ ಖರ್ಚು 103 ಪೌಂಡ್. ಆ ದುಡ್ಡಿಗೆ ಲಿನನ್ ಬಟ್ಟೆಯನ್ನೇ ತರಬಹುದಿತ್ತಲ್ವಾ ಎಂದು ಮನೆಯಲ್ಲಿ ಆಗಲೇ ಕೇಳಿ ಆಗಿದೆ. ತರಬಹುದಿತ್ತು. ನನಗೆ ಬೇಕಾಗಿದ್ದದ್ದು ಬಟ್ಟೆಗಿಂತ ಜಾಸ್ತಿ ಆ ಸಲಕರಣೆಗಳು.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಒಂದು ಕಾಲಕ್ಕೆ ಅಗಸೆ ನಾರಿನ ಗಿರಣಿಗಳಿಗೆ ಹೆಸರಾದ ಊರು ಇದು. ಹೋಲ್ಬೆಕ್‌ನಲ್ಲಿ ಜಾನ್ ಮಾರ್ಷಲ್ ಕಟ್ಟಿಸಿದ ಟೆಂಪಲ್ ವರ್ಕ್ಸ್ ಇನ್ನೂ ನಿಂತಿದೆ. 1840ರ ಹೊತ್ತಿಗೆ ಮುಗಿದ ಕಟ್ಟಡ, ಮುಂಭಾಗ ಈಜಿಪ್ಟಿನ ದೇವಸ್ಥಾನದ ಮಾದರಿ. ಒಳಗೆ ತೇವ ಉಳಿಯಲಿ ಎಂದು ಚಾವಣಿ ಮೇಲೆ ಹುಲ್ಲು ಬೆಳೆಸಿದ್ದರು. ಅದನ್ನು ಮೇಯಲು ಕುರಿಗಳನ್ನು ಮೇಲೆ ಬಿಡುತ್ತಿದ್ದರು. ಆದರೆ ಅದೆಲ್ಲ ಯಂತ್ರದ ಕಾಲದ ಮಾತು. ಅದಕ್ಕೂ ಮುಂಚೆ ಹಳ್ಳಿ ಮನೆಗಳಲ್ಲಿ ಇದೇ ಕೆಲಸವನ್ನು ನಾಲ್ಕು ಮರದ ಸಾಮಾನುಗಳಲ್ಲಿ ಮಾಡುತ್ತಿದ್ದರು. ರಿಪ್ಪಲ್ ಬೀಜ ಬಿಡಿಸಲು, ಬ್ರೇಕ್ ದಂಟು ಮುರಿಯಲು, ಸ್ವಿಂಗಲ್ ಚೂರು ಬಡಿದು ಉದುರಿಸಲು, ಹ್ಯಾಕಲ್ ನಾರು ಬಾಚಲು. ನಾಲ್ಕನ್ನೂ ಮಾಡುವುದು, ಅಥವಾ ಹಳೆಯದು ಸಿಕ್ಕರೆ ರಿಪೇರಿ ಮಾಡುವುದು, ಇದು ಲೆಕ್ಕಾಚಾರ. ಮಧ್ಯೆ ಕುದುರೆಯ ಸಾಮಾನೊಂದು ಬಂದು ಸೇರಿಕೊಂಡಿತು.

ಏಪ್ರಿಲ್ ಕೊನೆ: ಬಿತ್ತನೆ

ನಗರಸಭೆಯಿಂದ ಬಾಡಿಗೆಗೆ ಪಡೆದ ತರಕಾರಿ ತುಂಡು ನನ್ನದು, ಅಲಾಟ್‌ಮೆಂಟ್ ಅನ್ನುತ್ತಾರೆ. ಇವತ್ತಿಗೂ ಅದನ್ನು ರಾಡ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ರಾಡ್ ಎಂದರೆ ಐದೂವರೆ ಗಜ. ಪೂರ್ತಿ ತುಂಡು ಹತ್ತು ಚದರ ರಾಡ್, ಅಂದರೆ ಸುಮಾರು 250 ಚದರ ಮೀಟರ್. ನನ್ನದು ಅದರಲ್ಲಿ ಅರ್ಧ.

ನಾರಿನ ತಳಿಯ ಬೀಜ 120 ಗ್ರಾಂ, ಹತ್ತು ಚದರ ಮೀಟರಿಗೆ. ಕೈಯಲ್ಲಿ ಚೆಲ್ಲಿ, ಕುಂಟೆಯಿಂದ ಮೇಲೆ ಮೇಲೆ ಎಳೆದು, ಹಲಗೆ ಇಟ್ಟು ತುಳಿದೆ. ದಟ್ಟವಾಗಿ ಬಿತ್ತಿದರೆ ಮಾತ್ರ ಗಿಡ ಕವಲೊಡೆಯದೆ ನೆಟ್ಟಗೆ ಏಳುತ್ತದೆ. ಚದರ ಮೀಟರಿಗೆ ಎರಡು ಸಾವಿರ ಗಿಡ ನಿಂತರೆ ಒಳ್ಳೆಯದು.

ಪಕ್ಕದಲ್ಲೇ ಒಂದು ಚದರ ಮೀಟರಿನಲ್ಲಿ ಅಡುಗೆಮನೆಯ ಅಗಸೆಯನ್ನೂ ಚೆಲ್ಲಿದ್ದೆ. ನಾವು ಧಾರವಾಡ ಕಡೆಯವರು, ಅಗಸಿ ಚಟ್ನಿಪುಡಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ, ಹಾಗಾಗಿ ಬೀಜ ಮನೆಯಲ್ಲಿ ಯಾವಾಗಲೂ ಇರುತ್ತದೆ. ಜಾತಿ ಎರಡೂ ಒಂದೇ. ಆದರೆ ನಮ್ಮ ಕಪ್ಪು ಭೂಮಿಯ ಹಿಂಗಾರಿ ಅಗಸೆ ಎಣ್ಣೆಗೆ, ಬೀಜಕ್ಕೆ ಎಂದು ತಲೆತಲಾಂತರದಿಂದ ಆರಿಸಿ ಬೆಳೆಸಿದ್ದು. ತಿನ್ನುವ ಬೀಜದ ಗಿಡ 45 ಸೆಂಟಿಮೀಟರಿಗೆ ನಿಂತು ಪೊದೆಯಾಯಿತು. ನಾರಿನ ತಳಿ 90 ದಾಟಿತು. ನಾರು ಬೇಕೆನ್ನುವವರು ಕಿರಾಣಿ ಅಂಗಡಿಯ ಬೀಜ ಬಿತ್ತಬೇಡಿ, ಅಷ್ಟೇ.

ಗಿಡ ಒಂದು ಗೇಣು ಬರುವ ಮುಂಚೆ ಒಮ್ಮೆ ಕಳೆ ತೆಗೆಯಬೇಕು. ಬರಿಗಾಲಲ್ಲಿ, ಗಾಳಿಗೆ ಎದುರಾಗಿ ಕೂತು ತೆಗೆಯಿರಿ ಎನ್ನುವುದು ಹಳಬರ ಬುದ್ಧಿಮಾತು. ತುಳಿದ ಗಿಡವನ್ನು ಗಾಳಿಯೇ ಮತ್ತೆ ಎತ್ತಿ ನಿಲ್ಲಿಸುತ್ತದಂತೆ. ಬೂಟು ಹಾಕಿಕೊಂಡು ಮಾಡಿದ ಸಾಲು ಅಡ್ಡಬಿದ್ದದ್ದು ನಿಜ. ಹೋದ ವರ್ಷ ಗೊಬ್ಬರ ಹಾಕಿದ್ದ ಮೂಲೆಯೂ ಜೂನ್ ಮಳೆಗೆ ಮಲಗಿತು. ಸುತ್ತ ಕೋಲು ನೆಟ್ಟು, ಮೊಣಕಾಲೆತ್ತರದಲ್ಲಿ ಹುರಿ ಕಟ್ಟಿದ ಮೇಲೆ ಉಳಿದದ್ದು ನಿಂತಿತು.

ಆಗಸ್ಟ್: ಕಿತ್ತು, ರಿಪ್ಪಲ್ ಮಾಡಿದ್ದು

ನೀಲಿ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಉದುರುತ್ತದೆ. ಹೂ ಬಿಟ್ಟು ಒಂದು ತಿಂಗಳಾಗುವ ಹೊತ್ತಿಗೆ ದಂಟಿನ ಕೆಳಗಿನ ಮೂರನೇ ಒಂದು ಭಾಗ ಹಳದಿ ತಿರುಗಿತು. ಅದೇ ಸಮಯ. ಕೊಯ್ಯಬಾರದು, ಬೇರುಸಹಿತ ಕೀಳಬೇಕು. ನಾರು ಬುಡದವರೆಗೂ ಇರುತ್ತದೆ. ಕುಡುಗೋಲು ಹಾಕಿದರೆ ಅಷ್ಟು ಉದ್ದ ನಷ್ಟ. ಬುಡಗಳನ್ನು ಸಮ ಮಾಡಿ ಮಣಿಕಟ್ಟಿನ ದಪ್ಪದ ಸಿವುಡು ಕಟ್ಟಿ, ಒಂದಕ್ಕೊಂದು ಒರಗಿಸಿ ಒಣಗಿಸಿದೆ. ಉತ್ತರ ಐರ್ಲೆಂಡಿನಲ್ಲಿ ಈ ಸಿವುಡಿಗೆ ಬೀಟ್ ಅನ್ನುತ್ತಾರೆ, ತರಕಾರಿಗೂ ಇದಕ್ಕೂ ಸಂಬಂಧವಿಲ್ಲ.

ರಿಪ್ಪಲ್ ಎಂದರೆ ಬೆಂಚಿಗೆ ಬಿಗಿಯುವ ಕಬ್ಬಿಣದ ಹಲ್ಲಿನ ದೊಡ್ಡ ಹಣಿಗೆ. ಸಿವುಡಿನ ತಲೆಯನ್ನು ಹಲ್ಲಿನ ಮಧ್ಯೆ ಹಾಕಿ ಎಳೆದರೆ ಬೀಜದ ಕಾಯಿ ಕಿತ್ತು ಬೀಳಬೇಕು. ಕಾಯಿಯ ಅಗಲ 7 ರಿಂದ 8 ಮಿಲಿಮೀಟರ್. ಆದ್ದರಿಂದ ಹಲ್ಲುಗಳ ನಡುವಿನ ಸಂದು 4 ಇಟ್ಟುಕೊಂಡೆ. 6 ಮಿಲಿಮೀಟರ್ ಕಬ್ಬಿಣದ ಸರಳು, ಒಂದು ಮೀಟರಿನವು ನಾಲ್ಕು. ಪ್ರತಿಯೊಂದನ್ನೂ 200 ಮಿಲಿಮೀಟರಿನ ಐದು ತುಂಡು ಮಾಡಿದರೆ ಇಪ್ಪತ್ತು ಹಲ್ಲು. ತುದಿಗಳನ್ನು ಗ್ರೈಂಡರಿನಲ್ಲಿ ಮೊನೆ ಮಾಡಿ, ಆಮೇಲೆ ಎಮರಿ ಕಾಗದದಿಂದ ನಯ ಮಾಡಿದೆ.

ಮೊದಲು ಪೈನ್ ಹಲಗೆಗೆ 10 ಮಿಲಿಮೀಟರಿಗೊಂದು ತೂತು ಕೊರೆದೆ. ಹದಿಮೂರನೇ ಹಲ್ಲು ಹೊಡೆಯುವಾಗ ಹಲಗೆ ನೇರವಾಗಿ ಸೀಳಿತು. ತೂತುಗಳೆಲ್ಲ ಒಂದೇ ಎಳೆಯ ಮೇಲೆ ಸಾಲಾಗಿದ್ದವು, ಸೀಳದೆ ಇನ್ನೇನು ಮಾಡೀತು. ಎರಡನೆಯದಕ್ಕೆ 300x70x35 ಮಿಲಿಮೀಟರಿನ, ಬೀಚ್ ಎಂಬ ಗಟ್ಟಿ ಮರದ ತುಂಡು ತಂದು, ತೂತನ್ನು 5.8ಕ್ಕೆ ಇಟ್ಟು, 30 ಮಿಲಿಮೀಟರ್ ಆಳಕ್ಕೆ ಹಲ್ಲು ಇಳಿಸಿದೆ. ಎರಡು ಕೊನೆಗೂ ಒಂದೊಂದು ಬೋಲ್ಟು ಅಡ್ಡಹಾಕಿ ಬಿಗಿದೆ. ಅಲುಗಲಿಲ್ಲ.

ಬೀಜ 640 ಗ್ರಾಂ. ತೂರಿ ಹೊಟ್ಟು ತೆಗೆದ ಮೇಲಿನ ತೂಕ. ಮುಂದಿನ ಬಿತ್ತನೆಗೆ ಎತ್ತಿಟ್ಟು ಉಳಿದದ್ದು ಹುರಿದು ಪುಡಿಯಾಯಿತು. ಬೀಜ ಬಿಡಿಸಿದ ಒಣ ದಂಟು 4.8 ಕೆಜಿ.

ಆಗಸ್ಟ್ ಕೊನೆಯಿಂದ ಅಕ್ಟೋಬರ್: ಕೊಳೆಸುವುದು

ಎಲ್ಲ ಆಟವೂ ಇಲ್ಲೇ. ಸಲಕರಣೆ ಎಷ್ಟೇ ಚೆನ್ನಾಗಿರಲಿ, ಇಲ್ಲಿ ಹದ ತಪ್ಪಿದರೆ ಮುಂದೆ ಏನು ಮಾಡಿದರೂ ನಾರು ಬಿಡುವುದಿಲ್ಲ. ದಂಟಿನ ಒಳಗಿನ ಕಟ್ಟಿಗೆಗೆ ನಾರನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಅದನ್ನು ಸೂಕ್ಷ್ಮಜೀವಿಗಳು ತಿನ್ನಬೇಕು, ಆದರೆ ನಾರಿಗೆ ಬಾಯಿ ಹಾಕುವ ಮುಂಚೆ ನಾವು ನಿಲ್ಲಿಸಬೇಕು. ನಮ್ಮ ಕಡೆ ಪುಂಡಿ, ಸಣಬಿನ ಕಟ್ಟುಗಳನ್ನು ಹಳ್ಳದಲ್ಲೋ ಕೆರೆಯಲ್ಲೋ ಮುಳುಗಿಸಿ ಕಲ್ಲು ಹೇರುತ್ತಾರಲ್ಲ, ಕೆಲಸ ಅದೇ.

2.4 ಕೆಜಿ ನೀರಿಗೆ, 2.4 ಕೆಜಿ ಇಬ್ಬನಿಗೆ ಎಂದು ಪಾಲು ಮಾಡಿದೆ.

ನೀರಿನದು: 210 ಲೀಟರಿನ ಹಳೆಯ ಪ್ಲಾಸ್ಟಿಕ್ ಡ್ರಮ್, 10 ಪೌಂಡ್. ಸಿವುಡುಗಳನ್ನು ಬುಡ ಕೆಳಗಾಗಿ ನಿಲ್ಲಿಸಿ, ಮೇಲೆ ಹಲಗೆ, ಅದರ ಮೇಲೆ ಇಟ್ಟಿಗೆ. ಇಟ್ಟಿಗೆ ಕಡಿಮೆಯಾದರೆ ಕಟ್ಟು ತೇಲಿ ಹಲಗೆಯನ್ನೇ ಎತ್ತುತ್ತದೆ. ನೀರಿನ ಬಿಸಿ 16 ಡಿಗ್ರಿ. ಒಂದು ವಾರಕ್ಕೆ ವಾಸನೆ ಎಷ್ಟಿತ್ತೆಂದರೆ ಪಕ್ಕದ ತುಂಡಿನವರು ತಮ್ಮ ಟೊಮೆಟೊ ಬಿಟ್ಟು ಮನೆಗೆ ಹೋದರು. ವಾಸನೆ ಬಂತು ಎಂದರೆ ಹದವಾಗಿದೆ ಎಂದುಕೊಂಡು ತೆಗೆದು ಒಣಗಿಸಿದೆ. ಆಗಿರಲಿಲ್ಲ. ವಾರದಲ್ಲಿ ಮುಗಿಯುವುದು ನೀರು ಬೆಚ್ಚಗಿದ್ದರೆ. ಈ ತಣ್ಣೀರಿಗೆ ಹೆಚ್ಚುಕಮ್ಮಿ ಎರಡರಷ್ಟು ಸಮಯ ಬೇಕು. ಸೆಪ್ಟೆಂಬರಿನಲ್ಲಿ ಮತ್ತೆ ಮುಳುಗಿಸಬೇಕಾಯಿತು. ಎರಡು ಸಲ ನೆನೆದು ಎರಡು ಸಲ ಒಣಗಿದ ನಾರಿನ ಬಣ್ಣ ಒಂದೇ ಸಮ ಬರಲಿಲ್ಲ, ಪಟ್ಟೆ ಪಟ್ಟೆ.

ಡ್ರಮ್ಮಿನ ನೀರನ್ನು ಚರಂಡಿಗೋ ಹೊಳೆಗೋ ಬಿಡಬೇಡಿ. ಅದು ನೀರಿನ ಆಮ್ಲಜನಕ ಎಳೆದುಕೊಂಡು ಮೀನು ಸಾಯಿಸುತ್ತದೆ. ಇದು ಹೊಸ ಕಾನೂನಲ್ಲ. ದನಕರು ನೀರು ಕುಡಿಯುವ ಹೊಳೆ, ಕೆರೆಗಳಲ್ಲಿ ಅಗಸೆ, ಸೆಣಬು (ಹೆಂಪ್) ನೆನೆಹಾಕಬಾರದು ಎಂದು ಎಂಟನೆಯ ಹೆನ್ರಿಯ ಕಾಲದಲ್ಲೇ ಕಾಯಿದೆಯಾಗಿತ್ತು. ಅದೇ ದೊರೆ 1533ರಲ್ಲಿ ಅರವತ್ತು ಎಕರೆ ಉಳುವವರು ಕಾಲು ಎಕರೆ ಅಗಸೆ ಅಥವಾ ಸೆಣಬು ಬೆಳೆಯಲೇಬೇಕು ಎಂದೂ ಕಾಯಿದೆ ಮಾಡಿದ್ದ. ಬೆಳೆಯಲೇಬೇಕು, ಆದರೆ ಹೊಳೆಯಲ್ಲಿ ಕೊಳೆಸುವಂತಿಲ್ಲ! ನಾನು ನೀರನ್ನು ತೆಳ್ಳಗೆ ಮಾಡಿ ಕಾಂಪೋಸ್ಟ್ ಗುಡ್ಡೆಗೆ ಸ್ವಲ್ಪ ಸ್ವಲ್ಪವೇ ಹಾಕಿದೆ.

ಇಬ್ಬನಿಯದು: ಕತ್ತರಿಸಿದ ಹುಲ್ಲಿನ ಮೇಲೆ ದಂಟನ್ನು ತೆಳುವಾಗಿ, ಒಂದಕ್ಕೊಂದು ಸಮನಾಗಿ ಹಾಸಿದೆ. ವಾರಕ್ಕೊಮ್ಮೆ ಉದ್ದ ಕೋಲು ಕೆಳಗೆ ತೂರಿಸಿ ಮಗುಚಿದೆ. ಹೊನ್ನಿನ ಬಣ್ಣ ಹೋಗಿ ಬೂದು ಬಂತು, ಮೇಲೆ ಕಪ್ಪು ಚುಕ್ಕಿ. ಐದು ವಾರ ಹಿಡಿಯಿತು. ವಾಸನೆ ಇಲ್ಲ, ಜಗಳ ಇಲ್ಲ.

ಹದ ನೋಡುವುದು ಹೀಗೆ: ಒಂದು ದಂಟನ್ನು ಚೆನ್ನಾಗಿ ಒಣಗಿಸಿ ಮೂರು ನಾಲ್ಕು ಕಡೆ ಮುರಿಯಿರಿ. ಒಳಗಿನ ಕಟ್ಟಿಗೆ ಚೂರಾಗಿ ಉದುರಿ, ನಾರು ಇಡಿಯಾಗಿ ಪಟ್ಟಿಯಂತೆ ಬಿಟ್ಟುಕೊಂಡರೆ ಆಯಿತು. ಚೂರು ನಾರಿಗೆ ಕಚ್ಚಿಕೊಂಡೇ ಇದ್ದರೆ ಇನ್ನೂ ಬೇಕು. ನಾರು ಎಳೆದಾಗ ಪಟಕ್ಕನೆ ತುಂಡಾದರೆ ಹೊತ್ತು ಮೀರಿದೆ. ಒದ್ದೆ ದಂಟಿನಲ್ಲಿ ಈ ಪರೀಕ್ಷೆ ಸುಳ್ಳು ಹೇಳುತ್ತದೆ, ಒಣಗಿಸಿಯೇ ನೋಡಬೇಕು.

ಅಕ್ಟೋಬರ್: ಬ್ರೇಕ್

ಯಾರೋ ಅಡುಗೆಮನೆ ಒಡೆಸುತ್ತಿದ್ದರು. ಅವರ ಹಳೆಯ ಬೀಚ್ ಕಟ್ಟೆಹಲಗೆ 15 ಪೌಂಡಿಗೆ ಸಿಕ್ಕಿತು, 38 ಮಿಲಿಮೀಟರ್ ದಪ್ಪ. ಬ್ರೇಕಿನ ಕೆಳದವಡೆಗೆ ಮೂರು ಅಲಗು, ಮೇಲ್ದವಡೆಗೆ ಎರಡು. ಎಲ್ಲವೂ ಮರದ್ದೇ. ಕೆಳಗಿನ ಮೂರರ ಸಂದಿಗೆ ಮೇಲಿನ ಎರಡು ಇಳಿಯಬೇಕು. ದಂಟನ್ನು ಅಡ್ಡ ಇಟ್ಟು ಮೇಲ್ದವಡೆ ಕುಟ್ಟಿದರೆ ಒಳಗಿನ ಕಟ್ಟಿಗೆ ಮುರಿಯುತ್ತದೆ, ನಾರು ಬಾಗುತ್ತದೆ, ಮುರಿಯುವುದಿಲ್ಲ.

ನನ್ನ ಅಳತೆ: ಅಲಗಿನ ಉದ್ದ 850, ಎತ್ತರ 80. ದಪ್ಪವನ್ನು ಉಜ್ಜುಗೊರಡಿನಿಂದ 38ರಿಂದ 20ಕ್ಕೆ ಇಳಿಸಿ, ಕೆಲಸ ಮಾಡುವ ಅಂಚನ್ನು ಇನ್ನೂ ಸಣ್ಣ ಮಾಡಿದೆ. ಕೆಳಗಿನ ಅಲಗುಗಳ ನಡುವೆ 32 ಸಂದು. ಒಂದು ಕೊನೆಗೆ ಐದನ್ನೂ ಹಾಯ್ದು ಹೋಗುವ ಎಂ12 ಬೋಲ್ಟು, ಮಧ್ಯೆ ವಾಷರುಗಳು. ಇನ್ನೊಂದು ಕೊನೆಗೆ ಹಿಡಿ. ಕಾಲುಗಳು ಪ್ಯಾಲೆಟ್ ಮರದವು, ಸೊಂಟದ ಎತ್ತರಕ್ಕೆ.

ಮೊದಲ ದಿನ ಅಂಚನ್ನು 2 ಮಿಲಿಮೀಟರಿಗೆ ಚೂಪು ಮಾಡಿಟ್ಟಿದ್ದೆ. ಒಂದು ಹಿಡಿ ದಂಟು ಹಾಕಿ ಕುಟ್ಟಿದರೆ ನಾರೂ ಕತ್ತರಿಸಿ ಬಿತ್ತು, ಕೈಯಲ್ಲಿ ಉಳಿದದ್ದು ಒಂದೊಂದು ಗೇಣಿನ ತುಂಡು. ಅಂಚನ್ನು 5 ಮಿಲಿಮೀಟರಿಗೆ ದಪ್ಪ ಬಿಟ್ಟು, ಮೂಲೆ ಹೊಡೆದು, 120, ಆಮೇಲೆ 240 ನಂಬರಿನ ಸ್ಯಾಂಡ್ ಪೇಪರಿನಲ್ಲಿ ದುಂಡಗೆ ಮಾಡಿದೆ. ಬೆರಳಿಟ್ಟು ಒತ್ತಿ ಎಳೆದರೆ ನೋಯಬಾರದು, ಅಷ್ಟು ಮೊಂಡು. ಬ್ರೇಕಿಗೆ ಚೂಪು ಬೇಡವೇ ಬೇಡ, ತೂಕ ಬೇಕು. ಮೇಲ್ದವಡೆ ಹಗುರವಾಗಿತ್ತು, ಹಿಡಿಯ ಹತ್ತಿರ ಎರಡು ಕೆಜಿಯ ಕಬ್ಬಿಣದ ಪಟ್ಟಿ ಬಿಗಿದ ಮೇಲೆ ತೋಳಿನ ಶ್ರಮ ಅರ್ಧಕ್ಕಿಳಿಯಿತು.

ಇನ್ನೊಂದು ಅಡ್ಡಿ ಇಲ್ಲಿನ ಹವೆ. ಅಕ್ಟೋಬರಿನ ಯಾರ್ಕ್‌ಷೈರ್ ಗಾಳಿಯಲ್ಲಿ ದಂಟು ಒಣಗಿದ ಹಾಗೆ ಕಾಣುತ್ತದೆ, ಒಣಗಿರುವುದಿಲ್ಲ. ಮುರಿಯುವ ಬದಲು ಬಾಗುತ್ತದೆ. ಹಿಂದೆ ಇದಕ್ಕೆಂದೇ ಬೆಂಕಿಯ ಮೇಲೆ, ಗೂಡಿನಲ್ಲಿ ದಂಟು ಕಾಯಿಸುತ್ತಿದ್ದರು. ಎಷ್ಟೋ ಕಡೆ ಬೆಂಕಿಯೂ ಹತ್ತುತ್ತಿತ್ತು. ನಾನು ಬಿಸಿನೀರಿನ ಟ್ಯಾಂಕ್ ಇರುವ ಕಪಾಟಿನಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಒಂದೊಂದೇ ಸಿವುಡು ಹೊರಗೆ ತಂದು ಆ ಬಿಸಿಯಲ್ಲೇ ಕುಟ್ಟಿದೆ. ಸದ್ದೇ ಬೇರೆ, ಪಟಪಟ ಎಂದು ಉದುರಿತು. ಇಬ್ಬನಿಯ ಪಾಲು ಒಂದೇ ಸಲಕ್ಕೆ ಮುಗಿಯಿತು. ನೀರಿನ ಪಾಲು ಸತಾಯಿಸಿತು.

ನವೆಂಬರ್: ಸ್ವಿಂಗಲ್ ಹುಡುಕಲು ಹೋಗಿ

ಮುರಿದ ದಂಟಿನ ಚೂರು ಇನ್ನೂ ನಾರಿನಲ್ಲಿ ಸಿಕ್ಕಿಕೊಂಡಿರುತ್ತದೆ. ನಾರಿನ ಕಟ್ಟನ್ನು ನಿಂತ ಹಲಗೆಯ ಮೇಲೆ ಜೋಲುಬಿಟ್ಟು, ಮರದ ಕತ್ತಿಯಿಂದ ಮೇಲಿನಿಂದ ಕೆಳಕ್ಕೆ ಸವರಿ ಹೊಡೆದರೆ ಚೂರು ಉದುರುತ್ತದೆ. ಆ ಕತ್ತಿಯೇ ಸ್ವಿಂಗಲ್. ಹಳೆಯದೊಂದು ಸಿಕ್ಕರೆ ಆಕಾರ ನೋಡಿ ಅಳತೆ ತೆಗೆದುಕೊಳ್ಳೋಣ ಎಂದು ಹುಡುಕಲು ಶುರುಮಾಡಿದೆ. ಹಳೆ ಸಾಮಾನು ಮಾರುವವರ ಪಟ್ಟಿಯಲ್ಲಿ ಈ ಹೆಸರು ಹಾಕಿದರೆ ಮೂರು ಬಗೆ ಬರುತ್ತವೆ: ಅಗಸೆಯ ಕತ್ತಿ, ಕಾಳು ಬಡಿಯುವ ಕೋಲಿನ ತೂಗಾಡುವ ತುಂಡು, ಕುದುರೆಯ ಹಿಂದೆ ಕಟ್ಟುವ ಅಡ್ಡಮರ. ಮೂರೂ ತೂಗಾಡುವ, ಬೀಸುವ ಸಾಮಾನು, ಅದಕ್ಕೇ ಒಂದೇ ಹೆಸರು. ಫೋಟೋ ಮಸುಕಾಗಿದ್ದರೆ ಯಾವುದು ಎಂದು ಹೇಳುವುದು ಕಷ್ಟ.

ಊರಾಚೆ ಇನ್ನೂ ಭಾರದ ಕುದುರೆ ಸಾಕಿ, ಉಳುವ ಪಂದ್ಯಗಳಿಗೆ ಹೋಗುವ ಅಜ್ಜ ಒಬ್ಬರಿದ್ದಾರೆ. ಅವರಿಗೆ ಫೋನಿನಲ್ಲಿ ಕೇಳಿದೆ, ಇದೆ ಬಾ ಎಂದರು. ಹೋದರೆ ಕೈಗೆ ಕೊಟ್ಟದ್ದು ಎರಡು ತುಂಡಾದ ಸ್ವಿಂಗಲ್‌ಟ್ರೀ. ನಾನು ಅಗಸೆಯ ಕಥೆ ಹೇಳಿ, ಬ್ರೇಕ್ ಆಗಲೇ ಮಾಡಿಕೊಂಡಿದ್ದೇನೆ ಎಂದೆ. "ಬ್ರೇಕ್ ನನ್ನ ಹತ್ತಿರವೂ ಇದೆ, ಲ್ಯಾಡ್" ಎಂದು ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋದರು. ನೋಡಿದರೆ ಹೆಂಟೆ ಒಡೆಯುವ ಭಾರಿ ಹಲುಬೆ! ಅದಕ್ಕೂ ಇಲ್ಲಿ ಬ್ರೇಕ್ ಎಂದೇ ಹೆಸರು. ಇಬ್ಬರೂ ನಕ್ಕೆವು.

ಕೊನೆಗೆ ಒಪ್ಪಂದ ಹೀಗಾಯಿತು. ಅವರ ಹೊಲದಂಚಿನಲ್ಲಿ ಕಡಿದು ಹಾಕಿದ ಆ್ಯಶ್ ಮರ ಬಿದ್ದಿತ್ತು. ನನಗೆ ಬೇಕಾದಷ್ಟು ತೆಗೆದುಕೊಳ್ಳಬಹುದು, ಬದಲಿಗೆ ಒಂದು ಹೊಸ ಸ್ವಿಂಗಲ್‌ಟ್ರೀ ಮಾಡಿಕೊಡಬೇಕು.

ಅಗಸೆಯ ಸ್ವಿಂಗಲ್ ಅರ್ಧ ದಿನದ ಕೆಲಸ. ಆ್ಯಶ್ ಸೀಳಿನಿಂದ 600 ಉದ್ದ, 75 ಅಗಲ, ಬೆನ್ನು 12, ಅಂಚು 4 ಮಿಲಿಮೀಟರ್. ಹಿಡಿ ಸೇರಿ 380 ಗ್ರಾಂ. ಹಲಗೆ 1100 ಎತ್ತರದ ಪೈನ್, ಮೇಲಂಚನ್ನು ದುಂಡಗೆ ಮಾಡಿ, ಬುಡಕ್ಕೆ ಅಡ್ಡಪಟ್ಟಿ ಹೊಡೆದು ಅದರ ಮೇಲೆ ಕಾಲಿಟ್ಟು ನಿಲ್ಲುವ ಹಾಗೆ. ಹಲಗೆಯ ಮೇಲಂಚು ಚೌಕವಾಗಿದ್ದರೆ ನಾರು ಅಲ್ಲೇ ತುಂಡಾಗುತ್ತದೆ. ಕತ್ತಿ ಹಲಗೆಗೆ ಸಮನಾಗಿ ಇಳಿಯಬೇಕು, ಕಡಿಯಬಾರದು. ಮುಖಕ್ಕೆ ಮಾಸ್ಕ್ ಕಡ್ಡಾಯ. ಆ ಧೂಳು ಗಂಟಲಿಗೆ ಹೋದರೆ ರಾತ್ರಿಯೆಲ್ಲ ಕೆಮ್ಮು.

ಡಿಸೆಂಬರ್, ಜನವರಿ: ಸ್ವಿಂಗಲ್‌ಟ್ರೀ

ಎತ್ತಿಗೆ ನೊಗ ಹೆಗಲ ಮೇಲೆ ಕೂರುತ್ತದೆ, ನೇಗಿಲಿನ ಈಸು ನೇರವಾಗಿ ನೊಗಕ್ಕೆ ಬರುತ್ತದೆ. ಕುದುರೆಯದು ಬೇರೆ. ಅದರ ಕೊರಳಿಗೆ ಮೆತ್ತೆಯ ಕಾಲರ್, ಕಾಲರಿನ ಸುತ್ತ ಹೇಮ್ಸ್ ಎನ್ನುವ ಎರಡು ಬಾಗಿದ ಪಟ್ಟಿ, ಅವಕ್ಕೆ ಎರಡು ಕಡೆ ಸರಪಳಿ. ಎರಡು ಸರಪಳಿಗಳೂ ಹಿಂದೆ ಬಂದು ಸೇರುವ ಅಡ್ಡಮರವೇ ಸ್ವಿಂಗಲ್‌ಟ್ರೀ. ಕುದುರೆ ನಡೆಯುವಾಗ ಒಮ್ಮೆ ಎಡಭುಜ, ಒಮ್ಮೆ ಬಲಭುಜ ಮುಂದೆ ಹೋಗುತ್ತದೆ. ಅಡ್ಡಮರ ಅದರ ಜೊತೆ ತೂಗದಿದ್ದರೆ ಕಾಲರ್ ಉಜ್ಜಿ ಹುಣ್ಣಾಗುತ್ತದೆ. ಬೇರೆ ಸೀಮೆಗಳಲ್ಲಿ ಇದನ್ನೇ ವಿಪ್ಪಲ್‌ಟ್ರೀ ಅನ್ನುತ್ತಾರೆ. ಟ್ರೀ ಎಂದರೆ ಇಲ್ಲಿ ಬೆಳೆಯುವ ಮರ ಅಲ್ಲ, ತೊಲೆ.

ಹಳೆಯದರ ಅಳತೆ: ಉದ್ದ 32 ಇಂಚು, ನಡುವಿನ ದಪ್ಪ ಎರಡೂವರೆ ಇಂಚು, ಕೊನೆಗೆ ಒಂದೂಮುಕ್ಕಾಲು. ಕೊನೆಗಳಿಗೆ ಕೊಕ್ಕೆಯಿರುವ ಬಳೆ, ನಡುವೆ ಉಂಗುರವಿರುವ ಅಗಲ ಬಳೆ. ಮುರಿದಿದ್ದು ನಡುವಿನ ಬಳೆಯ ಕೆಳಗೆ. ಬಳೆ ತೆಗೆದು ನೋಡಿದರೆ ಒಳಗೆ ನೀರು ಇಳಿದು ಮರ ಕಪ್ಪಾಗಿ ಪುಡಿಯಾಗಿತ್ತು.

ಆ್ಯಶ್ ಮರಕ್ಕೆ ಈಗ ಬರವಿಲ್ಲ, ದುಃಖದ ಕಾರಣಕ್ಕೆ. 2012ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಕಂಡ ಡೈಬ್ಯಾಕ್ ಎಂಬ ಶಿಲೀಂಧ್ರ ರೋಗದಿಂದ ಎಲ್ಲ ಕಡೆ ಕಡಿಯುತ್ತಿದ್ದಾರೆ. ರೋಗ ಹಿಡಿದ ಮರ ಪೆಡಸಾಗಿರುತ್ತದೆ, ಹಾಗಾಗಿ ಬಣ್ಣ ಕೆಡದ, ಗಂಟಿಲ್ಲದ ಬುಡದ ತುಂಡನ್ನೇ ಆರಿಸಿದೆ. ಗರಗಸ ಹಾಕಲಿಲ್ಲ. ಕಬ್ಬಿಣದ ಬೆಣೆ ಹೊಡೆದು ನಾಲ್ಕು ಸೀಳು ಮಾಡಿದೆ. ಸೀಳಿದರೆ ಎಳೆ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಕೊಯ್ದರೆ ಎಲ್ಲೋ ಒಂದು ಕಡೆ ಎಳೆ ಹೊರಗೆ ಓಡಿಹೋಗುತ್ತದೆ, ಕುದುರೆ ಎಳೆದಾಗ ಅಲ್ಲೇ ಸಿಡಿಯುತ್ತದೆ.

ಎರಡು ಹಿಡಿಯ ಡ್ರಾ ನೈಫಿನಿಂದ ಬೇಕಾದ್ದಕ್ಕಿಂತ 6 ಮಿಲಿಮೀಟರ್ ದಪ್ಪವಾಗಿಯೇ ಕೆತ್ತಿದೆ, ಹಸಿಮರ ಒಣಗಿದಾಗ ಸೊರಗುತ್ತದೆ. ಬೇಗ ಒಣಗಲಿ ಎಂದು ಅಗಸೆ ಇಟ್ಟಿದ್ದ ಅದೇ ಬಿಸಿ ಕಪಾಟಿನಲ್ಲಿ ಇಟ್ಟೆ. ನಾಲ್ಕನೇ ದಿನಕ್ಕೆ ಒಂದು ತುದಿಯಿಂದ ಮಧ್ಯದವರೆಗೆ ಬಿರುಕು. ಅದು ಒಲೆಗೆ ಹೋಯಿತು. ಎರಡನೇ ಸೀಳಿಗೆ ತುದಿಗಳಿಗೆ ಮೇಣ ಬಳಿದು, ಶೆಡ್ಡಿನ ತಣ್ಣನೆ ಮೂಲೆಯಲ್ಲಿ ಬಿಟ್ಟು, ವಾರಕ್ಕೊಮ್ಮೆ ತೂಕ ನೋಡಿದೆ. ತೂಕ ಇಳಿಯುವುದು ನಿಂತ ಮೇಲಷ್ಟೇ ಒಳಗೆ ತಂದೆ.

ಕೊನೆಯ ಬಳೆಗಳು ಸುಲಭ, ತುದಿಯನ್ನು ಸ್ವಲ್ಪ ಕಿರಿದು ಮಾಡುತ್ತ ಹೋಗಿ ಕೊಡತಿಯಿಂದ ಹೊಡೆದು ಏರಿಸಿದೆ. ನಡುವಿನ ಬಳೆಯ ಒಳ ಅಳತೆ 62, ಮರವನ್ನು 62.5ಕ್ಕೆ ನಿಲ್ಲಿಸಿದೆ. ಗಾಡಿ ಗಾಲಿಗೆ ಹಳಿ ಕಟ್ಟುವ ಹಾಗೆಯೇ ಕೆಲಸ: ಬಳೆಯನ್ನು ಗ್ಯಾಸ್ ಟಾರ್ಚಿನಿಂದ ಮಂದಗೆಂಪು ಬರುವವರೆಗೆ ಕಾಯಿಸಿ, ಇಕ್ಕಳದಿಂದ ಹಿಡಿದು ಏರಿಸಿ, ಹೊಗೆ ಏಳುತ್ತಿದ್ದಂತೆ ನೀರು ಸುರಿಯುವುದು. ಒಬ್ಬರಿಂದ ಆಗುವ ಕೆಲಸವಲ್ಲ. ಹಿಡಿಯುವವರು, ಹೊಡೆಯುವವರು, ನೀರು ಹಾಕುವವರು ಬೇರೆ ಬೇರೆ ಇರಬೇಕು. ನಾವಿಬ್ಬರೇ ಇದ್ದೆವು. ಬಳೆ ಸರಿಯಾದ ಜಾಗಕ್ಕೆ 8 ಮಿಲಿಮೀಟರ್ ಹಿಂದೆಯೇ ಕಚ್ಚಿ ನಿಂತಿತು. ಅಜ್ಜ ನೋಡಿ, ಕುದುರೆ ಅಳೆಯೋಕೆ ಬರಲ್ಲ ಎಂದರು. ನನಗೆ ಸಮಾಧಾನವಾಗಲಿಲ್ಲ. ಮತ್ತೆ ಕಾಯಿಸಿ ಸರಿಸಿದೆ, ಮರ ಸುತ್ತ ಒಂದಿಷ್ಟು ಜಾಸ್ತಿಯೇ ಸುಟ್ಟಿತು.

ಆಮೇಲೆ ಅಗಸೆ ಎಣ್ಣೆ ಬಳಿದೆ, ನಾಲ್ಕು ಸಲ, ತೆಳ್ಳಗೆ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಬಿಸಾಡಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಬಯಲಲ್ಲಿ ಒಣಗಿಸಿ, ಇಲ್ಲವೇ ನೀರಿನ ಡಬ್ಬಿಗೆ ಹಾಕಿ ಮುಚ್ಚಿಡಿ.

ಪರೀಕ್ಷೆ ಕುದುರೆಯ ಮೇಲೆ ಮಾಡಲಿಲ್ಲ. ಮುರಿದರೆ ಸರಪಳಿ ಅದರ ಕಾಲಿಗೆ ಬಡಿಯುತ್ತದೆ. ಮೊದಲು ಟ್ರ್ಯಾಕ್ಟರಿಗೆ ಕಟ್ಟಿ ಒಂದು ದಿಮ್ಮಿ ಎಳೆಸಿದರು, ಜಗ್ಗಿ ಜಗ್ಗಿ. ಸದ್ದು ಬರಲಿಲ್ಲ, ಬಿರುಕು ಕಾಣಲಿಲ್ಲ.

ಜನವರಿ ಕೊನೆ: ಹ್ಯಾಕಲ್

ಒರಟು ಹ್ಯಾಕಲ್ ನಾನೇ ಮಾಡಿದೆ. 100 ಮಿಲಿಮೀಟರಿನ ಮೊಳೆ ನಲವತ್ತು, 15 ಮಿಲಿಮೀಟರ್ ಅಂತರದಲ್ಲಿ, ಒಂದು ಸಾಲು ಬಿಟ್ಟು ಒಂದು ಸಾಲು ಸರಿಸಿ. ಮೊಳೆಯ ತಲೆ ಹಿಂದೆ ಜಾರದಂತೆ ಬೆನ್ನಿಗೆ ಇನ್ನೊಂದು ಹಲಗೆ. ಮೊಳೆಯ ಮೊನೆ ಅಂಗಡಿಯಿಂದ ಬಂದ ಹಾಗೆಯೇ ಬಿಟ್ಟರೆ ಅದರ ಚೌಕ ಅಂಚು ನಾರನ್ನು ಹರಿಯುತ್ತದೆ, ಒಂದೊಂದನ್ನೂ ಅರದಿಂದ ದುಂಡಗೆ ಮಾಡಬೇಕು. ಬೇಸರದ ಕೆಲಸ, ರೇಡಿಯೋ ಹಾಕಿಕೊಂಡು ಮಾಡಿ.

ನಯವಾದದ್ದು ಹಳೆಯದು, 38 ಪೌಂಡ್. ಕಬ್ಬಿಣದ ಹಲ್ಲು ಗಟ್ಟಿಯಿದ್ದವು, ಮರಕ್ಕೆ ಕುಟ್ಟೆ ಹಿಡಿದಿತ್ತು. ಮೇಲಿನ ತಗಡು ಬಿಚ್ಚಿ, ಹಲ್ಲುಗಳನ್ನು ಕೆಳಗಿನಿಂದ ತಟ್ಟಿ ಎಬ್ಬಿಸಿ, ಯಾವುದು ಎಲ್ಲಿತ್ತು ಎಂದು ಕಾಗದದ ಮೇಲೆ ಗುರುತು ಹಾಕಿಕೊಂಡೆ. ದಪ್ಪ ಒಂದೇ ಇಲ್ಲ, ಒಂದೊಂದನ್ನೂ ಕಮ್ಮಾರ ಕೈಯಲ್ಲಿ ತಟ್ಟಿದ್ದು. ರಾತ್ರಿ ವಿನೆಗರಿನಲ್ಲಿ ನೆನೆಸಿ, ಬೆಳಿಗ್ಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಒರೆಸಿ ಒಣಗಿಸಿದೆ. ತುಕ್ಕು ಹೋಯಿತು. ಹೊಸ ಬೀಚ್ ತುಂಡಿಗೆ ಅದೇ ನಕ್ಷೆಯಲ್ಲಿ ತೂತು ಕೊರೆದು ಕೂರಿಸಿದೆ. ನಾಲ್ಕು ಹಲ್ಲು ಇರಲೇ ಇಲ್ಲ, ಅವಕ್ಕೆ ಸರಳು ತುಂಡು. ಹಲ್ಲಿಗೆ ಎಣ್ಣೆ ಬೇಡ, ನಾರಿಗೆ ಕಲೆಯಾಗುತ್ತದೆ. ಜೇನುಮೇಣ ಸಾಕು. ಕೆಲಸ ಇಲ್ಲದಾಗ ಮರದ ಮುಚ್ಚಳ ಹಾಕಿಡಿ, ಟೆಟನಸ್ ಚುಚ್ಚುಮದ್ದು ಯಾವಾಗ ಆಗಿತ್ತು ನೆನಪು ಮಾಡಿಕೊಳ್ಳಿ.

ಬಾಚುವಾಗ ತುದಿಯಿಂದ ಶುರು, ಆಮೇಲೆ ಸ್ವಲ್ಪ ಸ್ವಲ್ಪ ಒಳಗೆ. ಮಧ್ಯಕ್ಕೇ ಎಸೆದರೆ ಅರ್ಧ ನಾರು ಹಲ್ಲಲ್ಲೇ ಉಳಿಯುತ್ತದೆ. ಅರ್ಧ ಮುಗಿದ ಮೇಲೆ ತಿರುಗಿಸಿ ಇನ್ನೊಂದು ತುದಿ. ಹಲ್ಲಲ್ಲಿ ಉಳಿದ ಗಿಡ್ಡ ನಾರೇ ಟೋ, ಅಂದರೆ ಜುಂಗು. ಕೈಯಲ್ಲಿ ಉಳಿದದ್ದು ಲೈನ್. ಇದನ್ನೇ ಇಡೀ ದಿನ ಮಾಡುತ್ತಿದ್ದ ಸ್ಕಾಟ್ಲೆಂಡಿನ ಡಂಡಿ ಊರಿನ ಹೆಕ್ಲರುಗಳು ಬಾಯಿಗೆ ಹೆಸರಾದವರು. ಒಬ್ಬ ಪತ್ರಿಕೆ ಓದಿದರೆ ಉಳಿದವರು ಅಡ್ಡಮಾತು ಹಾಕುತ್ತಿದ್ದರಂತೆ. ಭಾಷಣಕ್ಕೆ ಅಡ್ಡಬಾಯಿ ಹಾಕುವವರಿಗೆ ಇಂಗ್ಲಿಷಿನಲ್ಲಿ ಇವತ್ತಿಗೂ ಅದೇ ಹೆಸರು.

ಇಬ್ಬನಿಯ ಪಾಲಿನಿಂದ 170 ಗ್ರಾಂ ಲೈನ್, 150 ಗ್ರಾಂ ಟೋ. ನೀರಿನ ಪಾಲಿನಿಂದ 120 ಗ್ರಾಂ ಲೈನ್, 260 ಗ್ರಾಂ ಟೋ. ಅದೇ ಗಿಡ, ಅದೇ ಸಲಕರಣೆ, ಅದೇ ಕೈ. ವ್ಯತ್ಯಾಸ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ. ಈ ವರ್ಷ ಪೂರ್ತಿ ಇಬ್ಬನಿಗೇ ಹಾಸುತ್ತೇನೆ, ಡ್ರಮ್ಮನ್ನು ಮಳೆನೀರಿಗೆ ಇಟ್ಟಿದ್ದೇನೆ.

ಲೆಕ್ಕ

ಬೀಜ 9 ಪೌಂಡ್. ರಿಪ್ಪಲ್‌ನ ಬೀಚ್ ತುಂಡು 4, ಸರಳು 11. ಡ್ರಮ್ 10. ಬ್ರೇಕಿನ ಹಲಗೆ 15, ಬೋಲ್ಟು ವಾಷರು ಮೂರೂವರೆ. ಮೊಳೆ 5. ಹಳೆಯ ಹ್ಯಾಕಲ್ 38. ಅಗಸೆ ಎಣ್ಣೆ ಏಳೂವರೆ. ಸೀಳಿದ ಪೈನ್ ಹಲಗೆ ಮನೆಯಲ್ಲೇ ಬಿದ್ದಿದ್ದದ್ದು, ಲೆಕ್ಕಕ್ಕಿಲ್ಲ. ಮತ್ತೆ ಮಾಡುವುದಾದರೆ ಹಳೆಯ ಹ್ಯಾಕಲ್ ಕೊಳ್ಳುವುದಿಲ್ಲ. ಎರಡನೆಯದನ್ನೂ ಸಣ್ಣ ಮೊಳೆಯಲ್ಲಿ ಮಾಡಿಕೊಂಡರೆ ನಡೆಯುತ್ತದೆ, ಹತ್ತು ಚದರ ಮೀಟರಿನ ನಾರಿಗೆ ಅಷ್ಟು ನಯ ಬೇಡ.

ನೂಲುವುದು ಇನ್ನೂ ಬಾಕಿ. ಟೋ ನೂಲಲು ಕೂತೆ, ಬೆರಳು ಒದ್ದೆ ಮಾಡಿಕೊಳ್ಳದೆ ಎಳೆ ನಿಲ್ಲುತ್ತಿಲ್ಲ. ಒದ್ದೆ ಮಾಡಿದರೆ ಉಂಡೆಕಟ್ಟುತ್ತದೆ. ಅಲ್ಲಿಗೆ ನಿಂತಿದೆ.

ಮಾರ್ಚ್‌ನಲ್ಲಿ ಸ್ವಿಂಗಲ್‌ಟ್ರೀ ನೋಡಲು ಹೋಗಿದ್ದೆ. ಹಲುಬೆ ಎಳೆಯಲು ಬಳಸುತ್ತಿದ್ದಾರೆ. ಕೊನೆಯ ಬಳೆಗಳು ಬಿಗಿ. ನಡುವಿನದು ಒಣ ಗಾಳಿಗೆ ಕೂದಲೆಳೆಯಷ್ಟು ಸಡಿಲವಾಗಿತ್ತು, ಜಾಸ್ತಿ ಸುಟ್ಟ ಕಡೆಯೇ. ಓಕಿನ ತೆಳು ಬೆಣೆಯೊಂದನ್ನು ಎಳೆಯ ಗುಂಟ ಹೊಡೆದು, ಸಂದಿಗೆ ಮೇಣ ತುಂಬಿ ಬಂದೆ.